ಫೋಟೋದಷ್ಟು ಬೆಳ್ಳಗೆ

ಅವನ ಹತ್ತಿರ ಬೆಂಕಿಯ ವರ್ಷದ ನಾಣ್ಯ ಇರಲಿಲ್ಲ. ಷಡ್ಡಕನ ಹತ್ತಿರ ಇತ್ತು. ಶನಿವಾರ ಬೆಳಿಗ್ಗೆ ಸ್ಟುಡಿಯೋದ ಕಂಪ್ಯೂಟರಿನ ಮುಂದೆ ಕೂತು ಯಾರದೋ ಗದ್ದದ ಮೇಲಿನ ಗಾಯದ ಗುರುತನ್ನು ಅಳಿಸುತ್ತಿದ್ದಾಗ ಅವನ ತಲೆಯಲ್ಲಿ ಓಡುತ್ತಿದ್ದದ್ದು ಈ ಎರಡೇ ಮಾತು. ಹಿಂದೆ ಯಾವಾಗಲೋ ಟಂಕಸಾಲೆಗೆ ಬೆಂಕಿ ಬಿದ್ದು ಆ ಇಡೀ ವರ್ಷದಲ್ಲಿ ಮೂರೇ ವಾರ ಕೆಲಸ ನಡೆದಿತ್ತಂತೆ. ಆ ಮೂರು ವಾರದಲ್ಲಿ ಹೊರಬಿದ್ದ ಬೆಳ್ಳಿ ನಾಣ್ಯಗಳಿಗೆ ಸಂಗ್ರಹ ಮಾಡುವವರು ಬೆಂಕಿಯ ವರ್ಷದವು ಎನ್ನುತ್ತಿದ್ದರು. ಒಂದು ಬದಿ ತೆನೆ ಹಿಡಿದು ನಿಂತ ಹೆಂಗಸು, ಇನ್ನೊಂದು ಬದಿ ಹಾಯಿ ಬಿಚ್ಚಿದ ಹಡಗು. ಮಾವನ ಆಲ್ಬಮ್ಮಿನಲ್ಲಿ ಆ ವರ್ಷದ ಜಾಗ ಇಪ್ಪತ್ತು ವರ್ಷದಿಂದ ಖಾಲಿ ಬಿದ್ದಿತ್ತು. ಮಾವ ತೂಕ ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು, ಅಂಗಡಿಯವರ ತಕ್ಕಡಿ ಹಿಡಿದು ಬದುಕಿದವರು. ಖಾಲಿ ಜಾಗದ ಕೆಳಗೆ ವರ್ಷವನ್ನು ಪೆನ್ಸಿಲಿನಲ್ಲಿ ಬರೆದು ಕಾಯುತ್ತಾ ಕೂತಿದ್ದರು. ಆ ಜಾಗ ತುಂಬುವವನು ತಾನೇ ಎಂದು ಅವನು ಹದಿನಾಲ್ಕು ವರ್ಷದಿಂದ ಅಂದುಕೊಂಡಿದ್ದ. ಯಾರಿಗೂ ಹೇಳಿರಲಿಲ್ಲ, ಹೇಳುವ ಅಗತ್ಯವೂ ಕಂಡಿರಲಿಲ್ಲ. ಇದ್ದದ್ದು ಒಬ್ಬನೇ ಅಳಿಯ.

ಆಮೇಲೆ ಇನ್ನೊಬ್ಬ ಬಂದ. ಹೆಂಡತಿಯ ತಂಗಿಯ ಗಂಡ, ಲಿಫ್ಟ್ ಕಂಪನಿಯಲ್ಲಿ ಮೇಲ್ವಿಚಾರಕ. ಹುಟ್ಟಿದಾಗಿನಿಂದ ಮೇಲಕ್ಕೆ ಹೋಗುವ ಗುಂಡಿಯನ್ನೇ ಒತ್ತಿಕೊಂಡು ಬಂದವನ ಹಾಗೆ ಅವನ ಮುಖ. ನಾಣ್ಯದ ಗಂಧಗಾಳಿ ಇಲ್ಲದವನು, ಮೊದಲ ವರ್ಷ ಮಾವನ ಪಕ್ಕ ಕೂತು ಆಕಳಿಸಿದ, ಎರಡನೆಯ ವರ್ಷ ಎರಡು ಪುಸ್ತಕ ಓದಿದ, ಮೂರನೆಯ ವರ್ಷ ಒಂದು ಭಾನುವಾರ ಮಧ್ಯಾಹ್ನ ಅಂಗಿಯ ಜೇಬಿನಿಂದ ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿ ತೆಗೆದು ಟೀಪಾಯಿಯ ಮೇಲಿಟ್ಟ. ಒಳಗೆ ಬೆಂಕಿಯ ವರ್ಷದ ನಾಣ್ಯ, ಹಾಲಿನಷ್ಟು ಬೆಳ್ಳಗೆ, ಮುದ್ರೆ ಒತ್ತಿ ಮುಚ್ಚಿದ್ದು, ತೆರೆಯಬೇಕೆಂದರೆ ಒಡೆಯಬೇಕು. ಮೇಲೆ ಒಂದು ಚೀಟಿ: ಪರೀಕ್ಷೆ ಮಾಡಿದ ಸಂಸ್ಥೆಯ ಹೆಸರು, ನಾಣ್ಯದ ದರ್ಜೆ. ಎಪ್ಪತ್ತಕ್ಕೆ ಅರವತ್ತಮೂರು. "ಅರವತ್ತಮೂರು!" ಎಂದು ಮಾವ ಅಡುಗೆಮನೆಯ ಕಡೆಗೆ ಕೂಗಿದ್ದರು, ಮೊಮ್ಮಗ ಪಾಸಾದ ಹಾಗೆ. ಅತ್ತೆ ಸೌಟು ಹಿಡಿದುಕೊಂಡೇ ಬಂದು, "ಏನು ಅರವತ್ತಮೂರು? ಬಿಪಿನಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದರು. ಅವನೂ ನಕ್ಕಿದ್ದ. ನಗುವಾಗ ಬಾಯಿ ಎಷ್ಟು ಅಗಲಿಸಬೇಕು ಎಂದು ಯೋಚಿಸಿದ್ದು ನೆನಪಿದೆ. ಷಡ್ಡಕ ನಾಣ್ಯವನ್ನು ಮಾವನಿಗೆ ಕೊಡಲಿಲ್ಲ, ತೋರಿಸಿದ ಅಷ್ಟೇ, ವಾಪಸು ಜೇಬಿಗೆ ಹಾಕಿಕೊಂಡ. ಆದರೂ ಮುಂದಿನ ಭಾನುವಾರದಿಂದ ಮಾವನ ಎಡಗಡೆಯ ಕುರ್ಚಿ, ಕಿಟಕಿಯ ಬೆಳಕು ಬೀಳುವ ಕುರ್ಚಿ, ತಾನಾಗಿಯೇ ಷಡ್ಡಕನದಾಯಿತು. ಯಾರೂ ಯಾರನ್ನೂ ಏಳಿಸಲಿಲ್ಲ. ಒಂದು ದಿನ ಅವನು ಹೋದಾಗ ಷಡ್ಡಕ ಅಲ್ಲಿ ಕೂತಿದ್ದ, "ಬನ್ನಿ ಭಾವ" ಎಂದು ಅರ್ಧ ಎದ್ದ, ಇವನು "ಇರಲಿ ಇರಲಿ, ಕೂತ್ಕೊಳ್ಳಿ" ಎಂದ. ಆ ಎರಡು ‘ಇರಲಿ’ಗಳಲ್ಲಿ ಒಂದನ್ನಾದರೂ ನುಂಗಿಕೊಂಡಿದ್ದರೆ ಆಗುತ್ತಿತ್ತು.

ಅವತ್ತಿನಿಂದ ಅವನಿಗೆ ಒಂದು ಚಟ ಹತ್ತಿತ್ತು. ಕಂಡವರಿಗೆಲ್ಲ ಎಪ್ಪತ್ತಕ್ಕೆ ಇಷ್ಟು ಎಂದು ದರ್ಜೆ ಹಾಕುವುದು. ಹೆಂಡತಿ ಐವತ್ತೆಂಟು: ಬಳಕೆಯಾಗಿದೆ, ಹೊಳಪು ಅಲ್ಲಲ್ಲಿ ಉಳಿದಿದೆ. ನಾದಿನಿ ಅರವತ್ತೆರಡು. ಸ್ಟುಡಿಯೋದ ಯಜಮಾನ ಇಪ್ಪತ್ತು, ಅಂಚು ಸವೆದಿದೆ, ಅಕ್ಷರ ಓದಲಾಗುತ್ತದೆ. ತನಗೆ ಮಾತ್ರ ಹಾಕಿಕೊಂಡಿರಲಿಲ್ಲ. ಒಮ್ಮೆ ಬಸ್ಸಿನ ಕಿಟಕಿಯ ಗಾಜಿನಲ್ಲಿ ಮುಖ ಕಂಡಾಗ ಅಂಕಿ ಬಾಯಿಗೆ ಬರುವುದರಲ್ಲಿತ್ತು, ಬೇರೆ ಕಡೆ ನೋಡಿದ.

"ಹತ್ತು ವರ್ಷ ಕಡಿಮೆ ಮಾಡಿ," ಎಂದು ಪಕ್ಕದಲ್ಲಿ ನಿಂತಿದ್ದ ಗಿರಾಕಿ ಹೇಳುತ್ತಿದ್ದ. ಯಾವುದೋ ಸಹಕಾರ ಸಂಘದ ಚುನಾವಣೆಗೆ ನಿಂತವನು, ಪೋಸ್ಟರಿಗೆ ಫೋಟೋ ಬೇಕಿತ್ತು. ಗಾಯದ ಗದ್ದ ಅವನದೇ.

"ಹದಿನೈದು ಬೇಕಾದ್ರೂ ಮಾಡಬಹುದು ಸಾರ್," ಎಂದ ಯಜಮಾನ, ಕೌಂಟರಿನ ಆ ಕಡೆಯಿಂದ.

"ಬೇಡ ಬೇಡ. ಮನೆಯವಳು ಗುರುತು ಹಿಡೀಬೇಕು. ಅವಳದೂ ಒಂದು ಓಟಿದೆ."

ಅವನು ಗದ್ದದ ಗುರುತನ್ನು ಮುಚ್ಚಿ, ಕಣ್ಣಿನ ಕೆಳಗಿನ ಚೀಲಗಳನ್ನು ಎತ್ತಿ, ಕೆನ್ನೆಯ ಮೇಲೆ ಬೆಳಕನ್ನು ಒಂದಿಷ್ಟು ಹೆಚ್ಚಿಸಿದ. ಬೆಳಕು ಹೆಚ್ಚಿದರೆ ಅರ್ಧ ಕೆಲಸ ಮುಗಿದ ಹಾಗೆ, ಸಣ್ಣ ಗೆರೆಗಳೆಲ್ಲ ತಾವಾಗಿಯೇ ಮುಳುಗುತ್ತವೆ. ಇಪ್ಪತ್ತೆರಡು ವರ್ಷದಿಂದ ಅವನು ಮಾಡಿಕೊಂಡು ಬಂದ ಕೆಲಸವೇ ಇದು. ಮೊದಲು ಕುಂಚ ಹಿಡಿದು ನೆಗೆಟಿವ್ ಮೇಲೆ, ಈಗ ಇಲಿಯ ಬಾಲ ಹಿಡಿದು ಪರದೆಯ ಮೇಲೆ. ಜನರ ಮುಖದಲ್ಲಿ ಏನಿತ್ತು, ಏನು ಹೋಯಿತು ಎಂಬುದು ಅವನಿಗೆ ಗೊತ್ತಿದ್ದಷ್ಟು ಅವರ ಹೆಂಡತಿಯರಿಗೂ ಗೊತ್ತಿರಲಾರದು. ಹಾಗಿದ್ದ ಮೇಲೆ ಫೋಟೋದ ವಿಷಯದಲ್ಲಿ ಒಬ್ಬ ಲಿಫ್ಟಿನವನಿಂದ ಪಾಠ ಹೇಳಿಸಿಕೊಳ್ಳುವುದೆಂದರೆ. ನಾಲ್ಕು ವಾರದ ಹಿಂದೆ, ಭಾನುವಾರ, ಮಾವನ ಮನೆಯಲ್ಲಿ, ಅವನು ಫೋನ್ ತೆಗೆದು ತೋರಿಸಿದ್ದ: ಹಳೆಯ ಸಾಮಾನು ಮಾರುವ ಒಂದು ತಾಣದಲ್ಲಿ ಬೆಂಕಿಯ ವರ್ಷದ ನಾಣ್ಯ, ಎರಡು ಫೋಟೋ, ಹಿಂದೆ ಒಂದು, ಮುಂದೆ ಒಂದು. ದರ್ಜೆ ಇಲ್ಲ, ಡಬ್ಬಿ ಇಲ್ಲ, ಬರೀ ನಾಣ್ಯ, ಕೆಳಗೆ ಹೂವಿನ ಚಿತ್ರದ ಬಟ್ಟೆ. ಮಾವ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು, ಎಡಗಡೆಗೆ ಕೊಟ್ಟರು. ಎಡಗಡೆಗೆ. ಷಡ್ಡಕ ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ, "ಬೇಡ ಭಾವ," ಎಂದಿದ್ದ. "ಫೋಟೋ ನಂಬಿ ತಗೋಬಾರದು. ಉಜ್ಜಿದ್ರೂ ಇದರಲ್ಲಿ ಗೊತ್ತಾಗಲ್ಲ. ಎರಕ ಹೊಯ್ದ ನಕಲಿ ಆದ್ರೂ ಗೊತ್ತಾಗಲ್ಲ. ಒಂದು ಸಲ ಕೈಗೆ ಬಂದ್ಮೇಲೆ ಅಯ್ಯೋ ಅಂದ್ರೆ ಯಾರು ಕೇಳ್ತಾರೆ?"

"ಫೋಟೋ ನೋಡೋದು ನನ್ನ ಕಸುಬು," ಎಂದಿದ್ದ ಅವನು. ದನಿ ಸ್ವಲ್ಪ ಎತ್ತರಕ್ಕೆ ಹೋಗಿತ್ತು.

"ಅದಕ್ಕೇ ಹೇಳಿದ್ದು ಭಾವ, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದು ಷಡ್ಡಕ ನಕ್ಕಿದ್ದ. ವ್ಯಂಗ್ಯ ಇರಲಿಲ್ಲ. ಅವನಲ್ಲಿ ವ್ಯಂಗ್ಯ ಇರುತ್ತಲೇ ಇರಲಿಲ್ಲ, ಅದೇ ತೊಂದರೆ. ಇದ್ದಿದ್ದರೆ ಹಿಡಿದುಕೊಂಡು ಜಗಳವಾಡಬಹುದಿತ್ತು. ಮಾವ ಮಾತ್ರ, "ಅವರು ಹೇಳೋದು ಸರಿ ಅಳಿಯಂದ್ರೇ, ಕೈಗೆ ಸಿಗದೆ ಇರೋದಕ್ಕೆ ತೂಕ ಹಾಕೋಕಾಗಲ್ಲ," ಎಂದು ಆಲ್ಬಮ್ಮಿನ ಹಾಳೆ ತಿರುಗಿಸಿದ್ದರು.

ಆ ರಾತ್ರಿಯಿಂದ ಮೂರು ದಿನ ಅವನು ಆ ಎರಡು ಚಿತ್ರಗಳನ್ನು ಸ್ಟುಡಿಯೋದ ದೊಡ್ಡ ಪರದೆಯ ಮೇಲೆ ಹಾಕಿಕೊಂಡು, ಚೌಕ ಚೌಕವಾಗಿ ಒಡೆಯುವ ತನಕ ಹಿಗ್ಗಿಸಿ ನೋಡಿದ. ಯಾರೂ ತಿದ್ದಿದ್ದಲ್ಲ, ಅಷ್ಟು ಪ್ರಮಾಣ ಮಾಡಿ ಹೇಳಬಲ್ಲ. ಫೋನಿನ ಫ್ಲ್ಯಾಶ್ ನೇರ ಮುಖಕ್ಕೆ ಬಿದ್ದಿದೆ, ತೆಗೆದವರ ಕೈ ಚೂರು ನಡುಗಿದೆ. ನೇರ ಬೆಳಕಿಗೆ ಕಪ್ಪು ಬೆಳ್ಳಿಯೂ ಬೆಳ್ಳಗೆ ಕಾಣುತ್ತದೆ ಎಂಬುದು ಅವನಿಗೆ ಗೊತ್ತಿತ್ತು, ಎಷ್ಟೋ ಜನಕ್ಕೆ ಅವನೇ ಹೇಳಿಕೊಟ್ಟಿದ್ದ. ಆದರೆ ಆ ಮೂರು ದಿನ ಗೊತ್ತಿದ್ದದ್ದನ್ನು ಪಕ್ಕಕ್ಕೆ ಸರಿಸಿ ಕೂತ. ಅವನಿಗೆ ಬೇಕಾಗಿದ್ದದ್ದು ಬಿಳಿ ನಾಣ್ಯ, ಷಡ್ಡಕನದಕ್ಕಿಂತ ಒಂದು ಕೂದಲೆಳೆ ಹೆಚ್ಚು ಬಿಳಿಯದು. ಮಾವನ ಟೀಪಾಯಿಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟಾಗ ಡಬ್ಬಿಯೊಳಗಿನದು ಹಳಸಿದ ಹಾಗೆ ಕಾಣಬೇಕು. ಆ ಚಿತ್ರ ಅವನ ತಲೆಯಲ್ಲಿ ಎಷ್ಟು ಸಲ ಓಡಿತ್ತೆಂದರೆ ಅದರಲ್ಲಿ ಅತ್ತೆ ಎಲ್ಲಿ ನಿಂತಿರುತ್ತಾರೆ, ಷಡ್ಡಕ ಯಾವ ಕೈಯಿಂದ ಕನ್ನಡಕ ಸರಿಮಾಡಿಕೊಳ್ಳುತ್ತಾನೆ ಎಂಬುದೂ ತೀರ್ಮಾನವಾಗಿತ್ತು. ನಾಲ್ಕನೆಯ ದಿನ ಬಿಸ್ಕತ್ತಿನ ಡಬ್ಬಿಯಲ್ಲಿದ್ದ ತನ್ನ ನಾಣ್ಯಗಳನ್ನೆಲ್ಲ, ಮಾವನ ಜೊತೆ ಗುಜರಿ ಅಂಗಡಿಗಳನ್ನು ಸುತ್ತಿ ತುಕ್ಕಿನ ರಾಶಿಯಲ್ಲಿ ಕೈಯಾಡಿಸಿ ಹೆಕ್ಕಿದವನ್ನು, ಒಬ್ಬ ವ್ಯಾಪಾರಿಗೆ ಒಟ್ಟಿಗೆ ಮಾರಿದ. ಆ ವ್ಯಾಪಾರಿ ಒಂದೊಂದನ್ನೂ ನೋಡುವ ಗೋಜಿಗೂ ಹೋಗಲಿಲ್ಲ, ಡಬ್ಬಿಯನ್ನು ಅಲ್ಲಾಡಿಸಿ ಶಬ್ದ ಕೇಳಿದ. ಹೆಂಡತಿಗೆ ಹೇಳಲಿಲ್ಲ. ಹೊಸದನ್ನು ಸ್ಟುಡಿಯೋದ ವಿಳಾಸಕ್ಕೆ ತರಿಸಿಕೊಂಡ.

ಅಂಚೆಯವನು ಹನ್ನೊಂದೂವರೆಗೆ ಬಂದ. ಯಜಮಾನ ಲಕೋಟೆಯನ್ನು ಕೈಯಲ್ಲಿ ತೂಗಿ ನೋಡಿ, "ಏನಪ್ಪಾ, ಪ್ರೇಮಪತ್ರಕ್ಕೆ ಇಷ್ಟು ಭಾರ?" ಎಂದ. "ಬಿಡಿ ಭಾಗ," ಎಂದ ಅವನು, ಏನಕ್ಕೆ ಎಂದು ಹೇಳದೆ. ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹಿಂದೆ ಅದು ಡಾರ್ಕ್‌ರೂಮ್, ಈಗ ಹಳೆಯ ಚೌಕಟ್ಟು, ಪರದೆ, ಬೇಡದ ಸ್ಟ್ಯಾಂಡುಗಳನ್ನು ತುಂಬುವ ಉಗ್ರಾಣ. ತೊಟ್ಟಿಯ ಮೇಲೆ ಒಂದು ನಲ್ಲಿ ಇನ್ನೂ ಹನಿಯುತ್ತಿತ್ತು. ಲಕೋಟೆಯೊಳಗೆ ರಟ್ಟು, ರಟ್ಟಿನೊಳಗೆ ಹತ್ತಿ, ಹತ್ತಿಯೊಳಗೆ ಫೋನ್ ನಂಬರ್ ಬರೆದ ಒಂದು ಪುಟ್ಟ ಕಾಗದದ ಕವರು, ಕವರಿನೊಳಗೆ ನಾಣ್ಯ. ಅದು ಕಪ್ಪಗಿತ್ತು. ಪೂರ್ತಿ ಕಪ್ಪಲ್ಲ, ಹೊಗೆ ಕುಡಿದ ಗೋಡೆಯ ಬಣ್ಣ, ಅಂಚಿಗೆ ಬರುತ್ತಾ ನೀಲಿ, ಅದರ ಹೊರಗೆ ಒಂದು ಎಳೆ ನೇರಳೆ. ಹೆಂಗಸಿನ ಮುಖ ಕತ್ತಲಲ್ಲಿ ಬಾಗಿಲ ಸಂದಿಯಿಂದ ನೋಡುವವರ ಹಾಗೆ. ಜೊತೆಗೆ ರೂಲು ಹಾಕಿದ ಹಾಳೆಯ ಒಂದು ಚೀಟಿ: ‘ಫೋಟೋದಲ್ಲಿ ಕಂಡಿದ್ದಕ್ಕಿಂತ ಕಪ್ಪಗಿದೆ, ಬೇಜಾರಾಗಬೇಡಿ. ಹಾಗೇ ಇರಲಿ.’ ಅವನು ಚೀಟಿಯನ್ನು ಓದಿದ, ಮುದುರಿದ, ತೊಟ್ಟಿಗೆ ಎಸೆದ. ಕಳ್ಳರು, ಕೊಡುವುದನ್ನು ಕೊಟ್ಟು ಆಮೇಲೆ ಬೇಜಾರಾಗಬೇಡಿ ಎನ್ನುತ್ತಾರೆ.

ಆದರೆ ಅವನಿಗೆ ನಿಜವಾಗಿ ಬಂದ ಸಿಟ್ಟು ಮಾರಿದವರ ಮೇಲಲ್ಲ, ಷಡ್ಡಕನ ಮೇಲೆ. ನಾಳೆ ಇದನ್ನು ಟೀಪಾಯಿಯ ಮೇಲಿಟ್ಟರೆ ಅವನು ಏನೂ ಹೇಳುವುದಿಲ್ಲ. ‘ನಾನು ಹೇಳಿರಲಿಲ್ವಾ’ ಎನ್ನುವ ಜಾತಿಯವನಲ್ಲ. ನಾಣ್ಯವನ್ನು ಅಂಚು ಹಿಡಿದು ಎತ್ತಿ, ತಿರುಗಿಸಿ, ಒಂದು ಒಳ್ಳೆಯ ಮಾತು ಹುಡುಕುತ್ತಾನೆ. ಅದನ್ನು ಹುಡುಕಲು ಅವನು ತೆಗೆದುಕೊಳ್ಳುವ ಆ ಎರಡು ಕ್ಷಣ. ಮಾವ ಆ ಎರಡು ಕ್ಷಣವನ್ನು ನೋಡುತ್ತಾರೆ. ಬೆಳ್ಳಿ ವರ್ಷಗಟ್ಟಲೆ ಕಾಗದದಲ್ಲಿ ಸುಮ್ಮನೆ ಕೂತರೆ ಹೀಗೆ ಬಣ್ಣ ಏರುತ್ತದೆ, ಆ ಬಣ್ಣವೇ ಯಾರೂ ಮುಟ್ಟಿಲ್ಲವೆಂಬುದಕ್ಕೆ ಸಾಕ್ಷಿ, ತೊಳೆದರೆ ನಾಣ್ಯ ಸತ್ತ ಹಾಗೆ: ಇದು ಅವನಿಗೆ ಗೊತ್ತಿಲ್ಲದ್ದಲ್ಲ. ಮಾವ ಕಲಿಸಿದ ಮೊದಲ ಪಾಠ ಅದೇ. ಆದರೆ ಗೊತ್ತಿರುವುದು ಒಂದು ಕಡೆ ಇತ್ತು, ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಾಗೆ; ಮನಸ್ಸು ಇನ್ನೊಂದು ಕಡೆ ಇತ್ತು. ಇದು ಆ ಫೋಟೋದ ನಾಣ್ಯವೇ ಅಲ್ಲ ಎಂದು ಅವನಿಗೆ ಅನ್ನಿಸಿತು. ಬೇರೆ ಯಾವುದೋ ಸವೆದದ್ದನ್ನು ಕಪ್ಪಿನಲ್ಲಿ ಮುಚ್ಚಿ ಕಳಿಸಿದ್ದಾರೆ. ಪರೀಕ್ಷೆ ಮಾಡಬೇಕು. ಒಂದು ಮೂಲೆಯಲ್ಲಿ, ಅಂಚಿನ ಹತ್ತಿರ, ಯಾರಿಗೂ ಕಾಣದಷ್ಟು. ತೊಳೆಯುವುದಲ್ಲ, ಒಂದು ಸಲ ಒರೆಸಿ ನೋಡುವುದು.

ಒಂದು ಗಂಟೆಗೆ ಯಜಮಾನ ಊಟಕ್ಕೆ ಮನೆಗೆ ಹೋಗುತ್ತಾ ಶಟರ್ ಅರ್ಧ ಎಳೆದು ಹೋದ. ಅವನು ನಾಣ್ಯವನ್ನು ತಂದು ಕಂಪ್ಯೂಟರಿನ ಪಕ್ಕದಲ್ಲಿ ಮೆತ್ತನೆಯ ತೊಗಲಿನ ಮೇಲೆ ಇಟ್ಟ. ಪರದೆಯ ಮೇಲೆ ಮಾರಿದವರ ಫೋಟೋ ತೆರೆದ. ಹಿತ್ತಾಳೆಯ ಚೌಕಟ್ಟುಗಳನ್ನು ಉಜ್ಜುವ ಪಾಲಿಶ್ ಡಬ್ಬಿಯಿಂದ ಸಾಸಿವೆ ಕಾಳಿನಷ್ಟು ತೆಗೆದು, ಬಟ್ಟೆಯ ತುದಿಗೆ ಹಚ್ಚಿ, ಹಡಗಿನ ಹಿಂದಿನ ಖಾಲಿ ಆಕಾಶದಲ್ಲಿ ಒಂದು ಸುತ್ತು ಒರೆಸಿದ. ಬಟ್ಟೆ ಕಪ್ಪಾಯಿತು. ಅಡಿಯಲ್ಲಿ ಬಿಳಿ ಕಂಡಿತು, ಉಗುರಿನಷ್ಟು ಅಗಲ. ಪರದೆಯ ಬಿಳಿಯೇ. ಇದೇ ಅದು, ಇದೇ ನಾಣ್ಯ. ಆಗ ನಿಲ್ಲಿಸಬಹುದಿತ್ತು. ಆದರೆ ಒಂದು ಕೆನ್ನೆಯನ್ನು ತಿದ್ದಿ ಇನ್ನೊಂದನ್ನು ಬಿಡಲು ಅವನಿಗೆ ಯಾವತ್ತೂ ಬಂದದ್ದಿಲ್ಲ. ಆ ಉಗುರಗಲದ ಬಿಳಿ ಈಗ ಕಪ್ಪಿನ ನಡುವೆ ತೊನ್ನಿನ ಹಾಗೆ ಕಾಣುತ್ತಿತ್ತು. ಪಕ್ಕಕ್ಕೆ ಸ್ವಲ್ಪ ಹರಡಿದ, ಹೊಂದಿಕೊಳ್ಳಲಿ ಎಂದು. ಆಮೇಲೆ ಹಾಯಿ. ಆಮೇಲೆ ಹಾಯಿಯಿಂದ ಇಳಿಯುವ ಹಗ್ಗ. ಪರದೆ ನೋಡುವುದು, ನಾಣ್ಯ ನೋಡುವುದು, ಉಜ್ಜುವುದು. ಎಲ್ಲಿ ಫೋಟೋ ಹೆಚ್ಚು ಹೊಳೆಯುತ್ತದೋ ಅಲ್ಲಿ ಹೆಚ್ಚು ಉಜ್ಜುವುದು. ಇಷ್ಟು ವರ್ಷ ಇದ್ದದ್ದನ್ನು ನೋಡಿ ಫೋಟೋ ತಿದ್ದಿದ್ದ. ಇವತ್ತು ಫೋಟೋ ನೋಡಿ ಇದ್ದದ್ದನ್ನು ತಿದ್ದುತ್ತಿದ್ದ. ಕೈಗೆ ಅದರ ವ್ಯತ್ಯಾಸ ಗೊತ್ತಾಗಲಿಲ್ಲ. ನಡುವೆ ಹೆಂಡತಿ ಫೋನ್ ಮಾಡಿ, "ನಾಳೆ ಅಪ್ಪನ ಮನೆಗೆ ಹೋಗೋವಾಗ ಸಕ್ಕರೆ ತಗೊಂಡು ಹೋಗಬೇಕಂತೆ ರೀ, ನೆನಪಿಟ್ಕೊಳ್ಳಿ," ಎಂದಳು. "ತಂಗಿ ಮನೆಯವರು ಬೇಗ ಬರ್ತಾರಂತೆ."

"ಬರಲಿ," ಎಂದ. ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡು ಹೆಂಗಸಿನ ಹಣೆಯನ್ನು ಉಜ್ಜುತ್ತಿದ್ದ. ಷಡ್ಡಕನ ಮುಖ ನೆನೆದಾಗೆಲ್ಲ ಬೆರಳಿನ ಒತ್ತಡ ತಾನಾಗಿ ಹೆಚ್ಚುತ್ತಿತ್ತು. ಮೂರು ಗಂಟೆಗೆ ನಲ್ಲಿಯ ಕೆಳಗೆ ಹಿಡಿದು ತೊಳೆದಾಗ ನಾಣ್ಯ ಫೋಟೋದಷ್ಟೇ ಬೆಳ್ಳಗಿತ್ತು. ಫೋಟೋಗಿಂತ ಒಂದು ಕೈ ಮೇಲು. ಅದರಲ್ಲಿ ಟ್ಯೂಬ್‌ಲೈಟ್ ಕಾಣುತ್ತಿತ್ತು. ತನ್ನ ಮೂಗೂ ಕಾಣುತ್ತಿತ್ತು.

ಭಾನುವಾರ ಅವನು ಸಕ್ಕರೆ ಮರೆತ. ಹೆಂಡತಿ ದಾರಿಯುದ್ದಕ್ಕೂ ಅದೇ ಹೇಳಿದಳು; ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡು ನಡೆದ. ಮಾವನ ಮನೆಯ ಹಜಾರದಲ್ಲಿ ಷಡ್ಡಕ ಆಗಲೇ ಎಡಗಡೆಯ ಕುರ್ಚಿಯಲ್ಲಿದ್ದ, ಆಲ್ಬಮ್ ತೆರೆದಿತ್ತು, ಅವನ ಪ್ಲಾಸ್ಟಿಕ್ ಡಬ್ಬಿ ಪಕ್ಕದಲ್ಲಿತ್ತು. ಈ ಡಬ್ಬಿಯನ್ನು ಅವನು ಪ್ರತಿ ವಾರ ಯಾಕೆ ತರಬೇಕು? ಮಾವನ ಒಂದು ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನ, ಇನ್ನೊಂದಕ್ಕೆ ಪೊರೆ, ಹಾಳೆಯನ್ನು ಬೆರಳಿನಿಂದ ತಡವಿ ನೋಡುತ್ತಿದ್ದರು. ಅವನು ಚಹಾ ಬರುವ ತನಕ ಕಾದ. ಅತ್ತೆ ಬಾಗಿಲಲ್ಲಿ ನಿಲ್ಲುವ ತನಕ ಕಾದ. ಆಮೇಲೆ ಪುಟ್ಟ ಕವರನ್ನು ತೆಗೆದು, ನಾಣ್ಯವನ್ನು ಟೀಪಾಯಿಯ ಗಾಜಿನ ಮೇಲೆ ಇಟ್ಟ. "ನಿಮ್ಮ ಆಲ್ಬಮ್ಮಿಗೆ ಮಾವ. ಬೆಂಕಿಯ ವರ್ಷದ್ದು," ಎಂದ. ಈ ಮಾತನ್ನು ಎಷ್ಟೋ ಸಲ ಹೇಳಿ ನೋಡಿಕೊಂಡಿದ್ದ. ಬಾಯಿಯಿಂದ ಬಂದಾಗ ದಿನಸಿಯ ಚೀಟಿ ಓದಿದ ಹಾಗಿತ್ತು.

"ಅಬ್ಬಾ, ಏನು ಫಳಫಳ ಅಂತಿದೆ!" ಎಂದರು ಅತ್ತೆ. "ಇದೇ ಚೆನ್ನಾಗಿದೆ ಕಣ್ರೀ, ಆ ಡಬ್ಬೀದಕ್ಕಿಂತ." ಒಂದು ಕ್ಷಣ, ಬರೀ ಒಂದೇ ಕ್ಷಣ, ಎಲ್ಲವೂ ಅವನು ಅಂದುಕೊಂಡ ಹಾಗೇ ಇತ್ತು. ಮಾವ ಕಣ್ಣು ಕಿರಿದು ಮಾಡಿ ನಾಣ್ಯವನ್ನು ಎತ್ತಿಕೊಂಡು ಹಡಗಿನ ಮೇಲೆ ಹೆಬ್ಬೆರಳು ಆಡಿಸಿದರು, ನಿಲ್ಲಿಸಿದರು, ಮತ್ತೆ ಆಡಿಸಿದರು. ಎಡಗಡೆಗೆ ಕೊಟ್ಟರು. ಷಡ್ಡಕ ಅಂಚು ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದ. ಆ ಎರಡು ಕ್ಷಣ ಬಂತು. ಅವನು ಹೆದರಿದ್ದಕ್ಕಿಂತ ಉದ್ದವಿತ್ತು.

"ಇದು ಉಜ್ಜಿದ್ದು," ಎಂದರು ಮಾವ.

"ಹೀಗೇ ಬಂತು," ಎಂದ ಅವನು.

ಹೇಳಿದ ಮೇಲೆ ಸುಲಭವಾಯಿತು. ಫೋಟೋದಲ್ಲಿ ಗೊತ್ತಾಗಲಿಲ್ಲ, ಮೋಸ ಹೋದೆ, ನೀವು ಹೇಳಿದ್ದೇ ಸರಿ ಎಂದೂ ಸೇರಿಸಿದ. ಷಡ್ಡಕ ಸರಿ ಎಂದು ಒಪ್ಪುವುದು ಕೂಡ ನಿಜ ಹೇಳುವುದಕ್ಕಿಂತ ಹಗುರವಾಗಿತ್ತು. ಆದರೆ ಷಡ್ಡಕ ಅಲ್ಲಿಗೆ ಬಿಡಲಿಲ್ಲ. ಅವನ ಕಿವಿ ಕೆಂಪಾಗಿತ್ತು. ಯಾರೋ ತನಗೇ ಮೋಸ ಮಾಡಿದ ಹಾಗೆ. "ಸುಮ್ಮನೆ ಬಿಡಬಾರದು ಭಾವ. ವಾಪಸ್ ತಗೊಳ್ಳೋ ಹಾಗೆ ಮಾಡೋಣ. ಇಂಥವರಿಗೆ ನೀವು ಮೆತ್ತಗೆ ಮಾತಾಡ್ತೀರಿ, ನಾನು ಮಾತಾಡ್ತೀನಿ ಇರಿ," ಎಂದವನೇ ಕವರಿನ ಮೇಲಿದ್ದ ನಂಬರ್ ಒತ್ತಿದ. ಇವನು ಬೇಡ ಎಂದು ಕೈ ಚಾಚಿದ. "ನೀವು ಕೂತ್ಕೊಳ್ಳಿ ಅಳಿಯಂದ್ರೇ," ಎಂದರು ಮಾವ, ಇಲಾಖೆಯ ದನಿಯಲ್ಲಿ. "ಎಲ್ಲರಿಗೂ ಕೇಳಿಸೋ ಹಾಗೆ ಹಾಕಿ."

ಫೋನಿನಿಂದ ಮೊದಲು ಬಂದದ್ದು ಹೊಲಿಗೆ ಯಂತ್ರದ ಸದ್ದು. ಆಮೇಲೆ ನಿಂತಿತು. ವಯಸ್ಸಾದ ಹೆಂಗಸಿನ ದನಿ. ಷಡ್ಡಕ ಗದರುವ ಹಾಗೆ ಶುರು ಮಾಡಿದವನು ಎರಡೇ ಮಾತಿಗೆ ಮೆತ್ತಗಾದ.

"ಉಜ್ಜಿದ್ದಾ? ನಾನ್ಯಾಕೆ ಉಜ್ಜಲಿ ಸ್ವಾಮಿ?" ಎಂದಳು ಹೆಂಗಸು. "ನಾನು ಬಟ್ಟೆ ಹೊಲಿಯೋಳು. ನಾಣ್ಯ ನಮ್ಮಣ್ಣಂದು. ಹೋಗೋ ಮುಂಚೆ ಒಂದೇ ಮಾತು ಹೇಳಿದ್ದ, ಮಾರು, ಆದ್ರೆ ತೊಳೀಬೇಡ ಅಂತ. ಕಪ್ಪಗೇ ಇತ್ತು ಅದು. ನನ್ನ ಫೋನಿನ ಲೈಟು ಜೋರು, ಬೆಳ್ಳಗೆ ಬಂದ್ಬಿಡ್ತು. ಆಮೇಲೆ ನನಗೇ ಮನಸ್ಸು ತಡೀಲಿಲ್ಲ, ಚೀಟಿ ಬರೆದು ಒಳಗೆ ಇಟ್ಟೆ. ಚೀಟಿ ಸಿಗಲಿಲ್ವಾ?"

ಅವನ ಹೆಂಡತಿ ಅವನ ಮುಖ ನೋಡಲಿಲ್ಲ, ಕೈ ನೋಡಿದಳು. ಉಗುರಿನ ಸಂದಿಯಲ್ಲಿ ಕಪ್ಪು ಇನ್ನೂ ಹೋಗಿರಲಿಲ್ಲ. ನಿನ್ನೆ ಊಟಕ್ಕೆ ಕೂತಾಗ ಏನಿದು ಎಂದು ಕೇಳಿದ್ದಳು, ಚೌಕಟ್ಟು ಉಜ್ಜಿದೆ ಎಂದಿದ್ದ. ಅವಳು ಖಾಲಿ ಲೋಟಗಳನ್ನು ಒಟ್ಟು ಮಾಡಿಕೊಂಡು ಒಳಗೆ ಹೋದಳು, ನಾದಿನಿ ಹಿಂದೆಯೇ ಹೋದಳು. ಅತ್ತೆ ಇದ್ದಲ್ಲೇ ನಿಂತು ಸೆರಗಿನ ತುದಿಯಲ್ಲಿ ಒರೆಸಬೇಕಾಗಿಲ್ಲದ ಬಾಗಿಲ ಚಿಲಕವನ್ನು ಒರೆಸಿದರು. ಷಡ್ಡಕ ಫೋನನ್ನು ಕಿವಿಗೆ ಒತ್ತಿಕೊಂಡು, "ಸಿಕ್ತಮ್ಮ, ಸಿಕ್ತು. ತಪ್ಪು ನಮ್ಮದೇ. ನೀವು ಬೇಜಾರು ಮಾಡ್ಕೋಬೇಡಿ," ಎಂದ. ‘ನಮ್ಮದೇ’ ಎಂದ. ಇಟ್ಟ ಮೇಲೆ ಇವನ ಕಡೆ ತಿರುಗಿ, "ಎಲ್ಲರಿಗೂ ಆಗುತ್ತೆ ಭಾವ. ನಾನೂ ಶುರೂನಲ್ಲಿ ಒಂದನ್ನ ಹೀಗೇ ಉಜ್ಜಿ ಹಾಳು ಮಾಡಿದ್ದೆ," ಎಂದ. ಅದು ಸುಳ್ಳು. ಷಡ್ಡಕನ ಹತ್ತಿರ ಯಾವ ವಾರ ಯಾವ ನಾಣ್ಯ ಬಂತು ಎಂದು ಅವನಿಗೆ ಬಾಯಿಪಾಠವಾಗಿತ್ತು; ಹಾಳಾದದ್ದು ಒಂದೂ ಇರಲಿಲ್ಲ. ತನಗೋಸ್ಕರ ಸುಳ್ಳು ಹೇಳುವುದರಲ್ಲೂ ಷಡ್ಡಕನೇ ತನಗಿಂತ ನೀಟು. ಒಳಗಿನಿಂದ ಅಕ್ಕ ತಂಗಿಯರ ನಗು ಕೇಳಿಸಿತು. ಬೇರೆ ಏನಕ್ಕಾದರೂ ಇರಬಹುದು.

"ಉಜ್ಜದೇ ಇದ್ದಿದ್ರೆ ಇದಕ್ಕೆ ಎಷ್ಟು ಬರ್ತಿತ್ತು?" ಎಂದು ಮಾವ ಷಡ್ಡಕನನ್ನು ಕೇಳಿದರು.

"ಈಗ ಹೇಗೆ ಹೇಳೋದು ಮಾವ. ಬಿಡಿ."

"ಕೇಳಿದ್ದಕ್ಕೆ ಹೇಳಿ."

ಷಡ್ಡಕ ನಾಣ್ಯವನ್ನು ತಿರುಗಿಸಿದ. ಅಕ್ಷರಗಳ ಸಂದಿಯಲ್ಲಿ, ಬಟ್ಟೆ ಹೋಗದ ಜಾಗದಲ್ಲಿ, ನೀಲಿ ಇನ್ನೂ ಚೂರು ಚೂರು ಉಳಿದಿತ್ತು. ಅಲ್ಲಿ ಅಚ್ಚಿನ ಏಣು ಬ್ಲೇಡಿನ ಹಾಗಿತ್ತು. ಅವನು ಇವನ ಫೋನಿನಲ್ಲಿದ್ದ ಹಳೆಯ ಚಿತ್ರವನ್ನೂ ಕೇಳಿ ಪಡೆದು, ಹಿಗ್ಗಿಸಿ, ಬಹಳ ಹೊತ್ತು ನೋಡಿದ. "ಅರವತ್ತೈದು," ಎಂದ ಕೊನೆಗೆ, ನೆಲ ನೋಡುತ್ತಾ. "ಅರವತ್ತಾರೂ ಆಗ್ತಿತ್ತೇನೋ. ನನ್ನದಕ್ಕಿಂತ ಮೇಲು. ಫೋಟೋ ನೋಡಿ ಬೇಡ ಅಂದಿದ್ದು ನಂದೇ ತಪ್ಪು ಭಾವ."

ಆ ಮಾತು ಅವನು ಹದಿನಾಲ್ಕು ವರ್ಷದಲ್ಲಿ ಕೇಳಿದ ಮಾತುಗಳಲ್ಲೆಲ್ಲ ಸಿಹಿಯಾದದ್ದಾಗಬಹುದಿತ್ತು. ನಿನ್ನೆ ಹನ್ನೊಂದೂವರೆಯಿಂದ ಒಂದು ಗಂಟೆಯ ತನಕ, ಒಂದೂವರೆ ಗಂಟೆ ಕಾಲ, ಅವನು ಷಡ್ಡಕನಿಗಿಂತ ಮೇಲಿದ್ದ. ಗೊತ್ತಾಗಿರಲಿಲ್ಲ. ಆ ಒಂದೂವರೆ ಗಂಟೆಯಲ್ಲಿ ಅವನು ಇನ್ನೊಂದು ಮುಖದ ಗದ್ದ ಸರಿಮಾಡಿದ್ದ, ಯಜಮಾನನ ಜೊತೆ ಶಾಯಿಯ ಬೆಲೆ ಮಾತಾಡಿದ್ದ, ಷಡ್ಡಕನನ್ನು ಬೈದುಕೊಂಡಿದ್ದ. "ನನ್ನದನ್ನೇ ಆಲ್ಬಮ್ಮಿಗೆ ಇಡೋಣ ಮಾವ, ಭಾವನ ಹೆಸರಲ್ಲೇ," ಎಂದು ಷಡ್ಡಕ ಹೇಳುತ್ತಿದ್ದ. ಇವನಿಗೆ ಅವನ ಹಲ್ಲು ಮುರಿಯಬೇಕೆನ್ನಿಸಿತು. ಎಂಥಾ ಸಾಲು ಹಲ್ಲು, ಎಷ್ಟು ನೇರ.

"ಯಾರ ಹೆಸರಲ್ಲೂ ಬೇಡ," ಎಂದರು ಮಾವ. "ಬಂದಿರೋದು ಇದು. ಇದೇ ಹೋಗುತ್ತೆ. ಬಂದಿದ್ದು ಬಂದ ಹಾಗೆ ದಾಖಲಾಗಬೇಕು." ಕಪಾಟಿನಿಂದ ತಮ್ಮ ಪುಟ್ಟ ತಕ್ಕಡಿಯ ಪೆ‌ಟ್ಟಿಗೆ ತರಿಸಿದರು, ನಾಣ್ಯವನ್ನು ತಟ್ಟೆಯ ಮೇಲಿಟ್ಟು ಅಂಕಿ ಓದಿಸಿದರು. ಆ ವರ್ಷದ ನಾಣ್ಯ ಇಪ್ಪತ್ತೈದು ಗ್ರಾಂ ಇರಬೇಕು. ಷಡ್ಡಕ ಕಡಿಮೆ ಬಂದದ್ದನ್ನು ಮೆಲ್ಲಗೆ ಹೇಳಿದ. "ಬರ್ಕೊಳ್ಳಿ," ಎಂದರು. ಆಮೇಲೆ ಇವನ ಕಡೆ ತಿರುಗಿ, "ನನಗೆ ಕಣ್ಣಿಲ್ಲ. ಈ ಮನೇಲಿ ಸೂಕ್ಷ್ಮ ಕಣ್ಣು ನಿಮ್ಮದು. ಇಲ್ಲಿ ಬನ್ನಿ, ಬೆಳಕಿರೋ ಕಡೆ. ಆ ಡಬ್ಬೀದನ್ನೂ ಇದನ್ನೂ ಪಕ್ಕ ಇಟ್ಕೊಂಡು ಎಣಿಸಿ. ಅದರಲ್ಲಿ ಏನಿದೆ, ಇದರಲ್ಲಿ ಏನಿಲ್ಲ."

ಸಿಟ್ಟಿನ ದನಿಯಲ್ಲ. ಅಂಗಡಿಯವರ ಕಲ್ಲು ಹಿಡಿದು ಅವರಿಂದಲೇ ತೂಗಿಸುತ್ತಿದ್ದಾಗಿನ ದನಿ ಇರಬೇಕು. ಷಡ್ಡಕ ಎಡಗಡೆಯ ಕುರ್ಚಿಯಿಂದ ಎದ್ದ, ಪೂರ್ತಿ ಎದ್ದ. ಕುರ್ಚಿ ಬೆಚ್ಚಗಿತ್ತು. ಅವನು ಕೂತು, ಭೂತಗನ್ನಡಿ ಹಿಡಿದು, ಮೊದಲು ಡಬ್ಬಿಯೊಳಗಿನದನ್ನು ನೋಡಿದ, ಆಮೇಲೆ ತನ್ನದನ್ನು.

"ಹಗ್ಗ?" ಎಂದರು ಮಾವ.

"ಅದರಲ್ಲಿ ಹನ್ನೊಂದು. ಇದರಲ್ಲಿ ಎಂಟು."

"ತೆನೆ ಕಾಳು?"

ಅವನು ಎಣಿಸಿದ. ಮತ್ತೆ ಎಣಿಸಿದ. "ಹತ್ತೊಂಬತ್ತು. ಹದಿನಾಲ್ಕು."

"ಮುಖ?"

ಮುಖದಲ್ಲಿ ಏನೋ ಕಡಿಮೆ ಇದೆ ಎಂದು ಕಂಡಿತು, ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಬಲಗಡೆ ಹುಬ್ಬಿಲ್ಲ," ಎಂದ. ಪಕ್ಕದಲ್ಲಿ ನಿಂತಿದ್ದ ಷಡ್ಡಕ ಪೆನ್ಸಿಲ್ ಎತ್ತಿದ, ಬರೆಯಬೇಕೋ ಬೇಡವೋ ಎನ್ನುವ ಹಾಗೆ ನೋಡಿದ.

"ಒಟ್ಟು ಓದಿ," ಎಂದರು ಮಾವ.

ಷಡ್ಡಕ ಓದಿದ: ಮೂರು ಹಗ್ಗ, ಐದು ಕಾಳು, ಒಂದು ಹುಬ್ಬು, ಆರು ಸೆಂಟಿಗ್ರಾಂ ಬೆಳ್ಳಿ.